ಒಂದು ಅಸಿಂಧು ಹಿಂಬರಹ

2021ರ ಜುಲೈನಲ್ಲಿ ನಾನು ಆಗಿನ ರಾಮನಗರ ಜಿಲ್ಲೆಯ ಒಂದು ನಾಡಕಚೇರಿಗೆ ಉಪತಹಶೀಲ್ದಾರಳಾಗಿ ಬಂದೆ. ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಹೋಬಳಿಯ ಹೆಸರು ಇಲ್ಲಿ ಬೇಡ. ನಾಡಕಚೇರಿಯೆಂದರೆ ಹೋಬಳಿ ಮಟ್ಟದ ಕಂದಾಯ ಕಚೇರಿ. ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷದ ಪ್ರಮಾಣಪತ್ರಗಳೆಲ್ಲ ಅಲ್ಲಿಂದ ಹೊರಡುತ್ತವೆ. ಒಬ್ಬರು ಯಾರು, ಯಾರ ಮಕ್ಕಳು, ಎಲ್ಲಿಯವರು ಎಂಬುದನ್ನು ಸರ್ಕಾರದ ಪರವಾಗಿ ಹೇಳುವುದೇ ನಮ್ಮ ಕೆಲಸ. ಅರ್ಜಿ ಒಪ್ಪಿಗೆಯಾಗದಿದ್ದರೆ ಕಾರಣ ಬರೆದು ಕೊಡುವ ಕಾಗದಕ್ಕೆ ಹಿಂಬರಹ ಎನ್ನುತ್ತೇವೆ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅಂಥವು ಎಷ್ಟಕ್ಕೆ ಸಹಿ ಹಾಕಿದೆನೋ ಲೆಕ್ಕವಿಟ್ಟಿಲ್ಲ. ಒಂದು ಮಾತ್ರ ಅಕ್ಷರ ಅಕ್ಷರ ನೆನಪಿದೆ.

2022ರ ಫೆಬ್ರವರಿಯಲ್ಲಿ ಮಂಜುಳ ಎಂಬುವವರು ವಂಶವೃಕ್ಷಕ್ಕೆ ಅರ್ಜಿ ಹಾಕಿದರು. ವಯಸ್ಸು ಮೂವತ್ತೊಂದು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲು ಸಣಕಲಾಗಿತ್ತು. ಚನ್ನಪಟ್ಟಣದ ಒಂದು ಟೈಲರ್ ಅಂಗಡಿಯಲ್ಲಿ ಎಡಗಾಲಿನಿಂದ ಮೋಟಾರಿನ ಪೆಡಲ್ ಒತ್ತಿ ಬ್ಲೌಸ್ ಹೊಲಿಯುತ್ತಿದ್ದರು. ಹುಟ್ಟಿದಾಗ ಮನೆಯವರು ಇಟ್ಟ ಹೆಸರು ಮಂಜುನಾಥ. ಹತ್ತೊಂಬತ್ತನೆಯ ವಯಸ್ಸಿಗೆ, ತಾನು ಹೆಣ್ಣು ಎಂದು ಮನೆಯಲ್ಲಿ ಹೇಳಿದ್ದಕ್ಕೆ ಮನೆ ಬಿಡಬೇಕಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಹೊಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ ಪಡೆದು ಆಧಾರ್ ಮತ್ತು ಮತದಾರರ ಚೀಟಿ ಎರಡನ್ನೂ ಬದಲಾಯಿಸಿಕೊಂಡಿದ್ದರು.

ತಂದೆ ಕರಿಯಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಹಿಂದಿನ ಅಕ್ಟೋಬರಿನಲ್ಲಿ ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಇಂಥ ಸಂದರ್ಭದಲ್ಲಿ ಕುಟುಂಬದ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುವ ನಿಯಮವಿದೆ. ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮಂಜುಳ ಕೂತು ಮಾಡುವಂಥ ಕೆಲಸ ಕೇಳಿದ್ದರು. ಅದಕ್ಕೆ ಇಲಾಖೆ ಎರಡು ಕಾಗದ ಬೇಕೆಂದಿತು. ಕರಿಯಪ್ಪನ ಸಂತಾನವೆಂದು ತೋರಿಸುವ ವಂಶವೃಕ್ಷ ಒಂದು, ಚಾಲ್ತಿಯಲ್ಲಿರುವ ಅಂಗವಿಕಲರ ಗುರುತಿನ ಚೀಟಿ ಇನ್ನೊಂದು. ಇವೆರಡೂ ಇಲ್ಲದ ಅರ್ಜಿಯನ್ನು ಅವರು ಮೇಜಿನ ಮೇಲೂ ಇಡಿಸಿಕೊಳ್ಳಲಿಲ್ಲ.

ನಮ್ಮ ಗ್ರಾಮ ಆಡಳಿತಾಧಿಕಾರಿ ಪಡಿತರ ಚೀಟಿಯ ದಾಖಲೆ ನೋಡಿ ವರದಿ ಕೊಟ್ಟರು: ಕರಿಯಪ್ಪನಿಗೆ ಮಂಜುನಾಥ ಎಂಬ ಒಬ್ಬನೇ ಮಗ, ಅವನ ಹೆಸರನ್ನು ಮರಣದ ಕಾರಣ ತೆಗೆಯಲಾಗಿದೆ, ಮಂಜುಳ ಎಂಬ ಮಗಳಿಲ್ಲ. ಆ ವರದಿಯನ್ನೇ ನಾಲ್ಕು ಸಾಲಿಗೆ ಇಳಿಸಿ, ಕೊನೆಗೆ 'ಅರ್ಜಿಯು ಅಸಿಂಧುವಾಗಿರುವುದರಿಂದ ಮುಕ್ತಾಯಗೊಳಿಸಿದೆ' ಎಂದು ಬರೆದು ಸಹಿ ಹಾಕಿದೆ. ಎರಡು ನಿಮಿಷದ ಕೆಲಸ.

ಹಿಂಬರಹ ಹಿಡಿದು ಮಂಜುಳ ನನ್ನ ಕೋಣೆಗೆ ಬಂದರು. ಹಸಿರು ಕಾಟನ್ ಸೀರೆ, ಕೈಯಲ್ಲಿ ಊರುಗೋಲು. ಕೂತುಕೊಳ್ಳಿ ಎಂದೆ. ಕೂರಲಿಲ್ಲ.

"ಮೇಡಂ, ಒಂದು ಪೇಪರಲ್ಲಿ ನಾನು ಸತ್ತೋಗಿದ್ದೀನಿ. ಇನ್ನೊಂದು ಪೇಪರಲ್ಲಿ ಹುಟ್ಟೇ ಇಲ್ಲ. ಯಾವುದು ದಿಟ ಅಂತ ನೀವೇ ಹೇಳ್ಬುಡಿ."

ನಾನು ವರದಿ ತೋರಿಸಿದೆ. ಆಸ್ಪತ್ರೆಯಿಂದ ಹಳೆಯ ಹೆಸರನ್ನೂ ನಮೂದಿಸಿದ ಹೊಸ ಅಂಗವಿಕಲ ಚೀಟಿ ತಂದರೆ ಪುನಃ ಪರಿಶೀಲಿಸಬಹುದು ಎಂದೆ. ಅವರು ಆಸ್ಪತ್ರೆಗೆ ಹೋಗಿ ಬಂದವರೇ. ಮಗುವಾಗಿದ್ದಾಗ ಕೊಟ್ಟ ಕೈಬರಹದ ಪುಸ್ತಕ ಈಗ ನಡೆಯುವುದಿಲ್ಲ, ಹೊಸದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಆಧಾರ್‌ನಿಂದ ಮಂಜುಳ ಎಂಬ ಹೆಸರು ಬರುತ್ತದೆ, ಹಳೆಯ ಪುಸ್ತಕದಲ್ಲಿ ಮಂಜುನಾಥ ಎಂದಿದೆ. ಇಬ್ಬರೂ ಒಬ್ಬರೇ ಎಂದು ಕಂದಾಯ ಇಲಾಖೆಯಿಂದ ಬರೆಸಿಕೊಂಡು ಬನ್ನಿ ಎಂದು ಅಲ್ಲಿ ಕಳಿಸಿದ್ದರು. ಅಂದರೆ ನಮ್ಮಲ್ಲಿಗೆ. ನಾವು ಅವರಲ್ಲಿಗೆ ಕಳಿಸುತ್ತಿದ್ದೆವು. ಬತ್ತಿದ ಕಾಲು ಎರಡೂ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಅದನ್ನು ಎಲ್ಲರೂ ನೋಡುತ್ತಿದ್ದರು, ನೋಡಿದ್ದೇವೆಂದು ಬರೆದುಕೊಡಲು ಯಾರಿಗೂ ಅಧಿಕಾರವಿರಲಿಲ್ಲ.

ಆಗ ನಾನು ಒಂದು ಸಲಹೆ ಕೊಟ್ಟೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. "ಹಳೇ ಹೆಸರಲ್ಲೇ ಒಂದು ಅಫಿಡವಿಟ್ ಮಾಡಿಸಿ. ಹೆಸರು ಬದಲಾಯಿಸಿದ್ದು ತಪ್ಪಾಗಿ ಅಂತ ಬರೀರಿ. ಕೆಲಸ ಸಿಕ್ಕಲಿ, ಆಮೇಲೆ ನಿಮ್ಮಿಷ್ಟ."

ಅವರು ಹಿಂಬರಹವನ್ನು ಮಡಚಿಕೊಂಡರು. "ನಾನು ಸುಳ್ಳು ಅಂತ ನನ್ನ ಕೈಲೇ ಬರೆಸ್ತೀರಾ?" ಎಂದು ಕೇಳಿ ಹೊರಟುಹೋದರು.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಚೇರಿ ಬಾಗಿಲಲ್ಲಿ ಅವರನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಪ್ಯಾಂಟು, ಮೈಗಿಂತ ದೊಡ್ಡದಾದ ಖಾಕಿ ಬಣ್ಣದ ಅಂಗಿ. ತಂದೆಯ ಅಂಗಿ ಎಂದು ಆಮೇಲೆ ತಿಳಿಯಿತು. ಕೂದಲನ್ನು ಗಿಡ್ಡಗೆ ಕತ್ತರಿಸಿದ್ದರು. ಜೊತೆಯಲ್ಲಿ ತಾಯಿ ನಿಂಗಮ್ಮ. ಆ ಹೆಂಗಸಿಗೆ ಗಂಡ ಸತ್ತ ಮೇಲೆ ಬಿಪಿ ಹೆಚ್ಚಾಗಿ ಒಂದು ಕಡೆಯ ಕೈ ಸ್ವಾಧೀನ ತಪ್ಪಿತ್ತು. ಮಗಳು ವಾರಕ್ಕೆರಡು ಸಲ ಊರಿಗೆ ಹೋಗಿ ಅನ್ನಕ್ಕಿಟ್ಟು ಬರುತ್ತಿದ್ದರು, ಅದೂ ಅಕ್ಕಪಕ್ಕದವರು ನೋಡದ ಹಾಗೆ ಹಿತ್ತಲ ಬಾಗಿಲಿನಿಂದ.

ಮಂಜುಳ ಛಾಪಾ ಕಾಗದವನ್ನು ನನ್ನ ಮುಂದಿಟ್ಟರು. ನಾನು ಹೇಳಿದ್ದೆಲ್ಲ ಟೈಪಾಗಿತ್ತು. ನೋಟರಿಯ ಸಹಿ ಮಾತ್ರ ಇರಲಿಲ್ಲ.

"ನೋಟರಿ ಒಪ್ಲಿಲ್ಲ ಮೇಡಂ. ಮಂಜುನಾಥ ಅಂತ ಹೇಳೋಕೆ ಫೋಟೊ ಇರೋ ಐಡಿ ಏನೈತೆ ಅಂದ್ರು. ಏನೂ ಇಲ್ಲ. ಎಲ್ಲಾದ್ರಲ್ಲೂ ಮಂಜುಳಾನೇ."

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರಿತ್ತು, ಭಾವಚಿತ್ರವಿರಲಿಲ್ಲ. ತನ್ನನ್ನು ತಾನೇ ಅಲ್ಲಗಳೆಯಲು ಸಿದ್ಧಳಾಗಿ ಬಂದಿದ್ದ ಹೆಂಗಸಿಗೆ ಅದಕ್ಕೂ ದಾಖಲೆ ಇರಲಿಲ್ಲ. ಅವರು ಅಳಲಿಲ್ಲ. ಅಂಗಿಯ ತೋಳನ್ನು ಮಡಚುತ್ತಾ, ಬಿಚ್ಚುತ್ತಾ, ಮತ್ತೆ ಮಡಚುತ್ತಾ ಕೂತಿದ್ದರು. ನನಗೆ ಆ ಕತ್ತರಿಸಿದ ಕೂದಲನ್ನು ನೋಡಲಾಗಲಿಲ್ಲ.

ನಾನು ನಿಂಗಮ್ಮನನ್ನು ಕೇಳಿದೆ. "ಬದುಕಿರೋ ಮಗುವನ್ನ ಸತ್ತಿದೆ ಅಂತ ಯಾರಮ್ಮ ಬರೆಸಿದ್ದು?"

ಆಕೆ ತಲೆಯ ಮೇಲಿನ ಸೆರಗನ್ನು ಮುಖಕ್ಕೆಳೆದುಕೊಂಡರು. "ಇವ್ರಪ್ಪನೇ ಕಣವ್ವ. ಮನೆ ಬುಟ್ಟೋಯ್ತಲ್ಲ, ರೇಷನ್ ಕಾರ್ಡಿಂದ ಹೆಸ್ರು ತೆಗ್ಸೋಕೆ ಕಂಪ್ಯೂಟ್ರು ಅಂಗ್ಡಿಗೆ ಹೋಗಿದ್ರು, ನಾನೂ ಹೋಗಿದ್ದೆ. ಆ ಹುಡುಗ ಕಾರಣ ಏನು ಅಂತ ಕೇಳ್ದ. ಮದುವೆ, ಊರು ಬುಟ್ಟಿದ್ದು, ಸಾವು, ಈ ಮೂರೇ ಇರೋದು ಅಂದ. ಊರು ಬುಟ್ಟಿದ್ದು ಅಂದ್ರೆ ಎಲ್ಗೆ ಅಂತ ಕೇಳ್ತದಂತೆ. ಯಜಮಾನ್ರು ಕೊನೇದಕ್ಕೆ ಬೆಟ್ಟು ತೋರಿಸ್ಬುಟ್ರು. ಮನೆಗೆ ಬಂದು ಮೂರು ದಿವ್ಸ ಉಣ್ಲಿಲ್ಲ."

ಮಂಜುಳ ಅವರಿಗೆ ಈ ವಿಷಯ ಅಲ್ಲಿಯವರೆಗೆ ತಿಳಿದಿರಲಿಲ್ಲ. ಯಾವುದೋ ಗುಮಾಸ್ತರ ಕೈತಪ್ಪು ಎಂದುಕೊಂಡಿದ್ದರು. ತಾಯಿಯ ಕಡೆ ನೋಡದೆ, "ಅಪ್ಪಾನೇನವ್ವ?" ಎಂದಷ್ಟೇ ಕೇಳಿದರು.

ಸ್ಥಳ ಮಹಜರು ಮಾಡಲು ನಿರ್ಧರಿಸಿದೆ. ಅಧಿಕಾರಿ ಸ್ವತಃ ಊರಿಗೆ ಹೋಗಿ, ಊರವರ ಎದುರು ವಿಚಾರಣೆ ನಡೆಸಿ, ಪಂಚರ ಸಹಿ ಪಡೆಯುವುದೇ ಮಹಜರು. ಅದನ್ನು ಮೊದಲನೆಯ ದಿನವೇ ಮಾಡಬಹುದಿತ್ತು. ಆದರೂ ಬೇರೆ ಬೇರೆ ಕೆಲಸಗಳ ನಡುವೆ ದಿನ ಗೊತ್ತಾಗುವ ಹೊತ್ತಿಗೆ ಆಗಸ್ಟ್ ಬಂತು.

ಆ ದಿನ ಊರಿನ ಹಾಲಿನ ಡೈರಿಯ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಎಲ್ಲರಿಗೂ ಮಂಜುಳ ಗೊತ್ತು. ಸಹಿ ಎಂದ ತಕ್ಷಣ ಒಬ್ಬರಿಗೆ ಹಾಲು ಹಾಕಬೇಕಾಗಿತ್ತು, ಇನ್ನೊಬ್ಬರಿಗೆ ರೇಷ್ಮೆ ಹುಳುವಿಗೆ ಸೊಪ್ಪು ತರಬೇಕಾಗಿತ್ತು. "ಸತ್ತೋನು ಅಂತ ಅವ್ರಪ್ಪನೇ ಬರ್ಸವ್ನೆ. ನಮಗ್ಯಾಕೆ ಮೇಡಂ ಇಲ್ಲದ್ ಉಸಾಬರಿ?" ಎಂದರು ಒಬ್ಬ ಹಿರಿಯರು. ಮಂಜುಳ ಅಂಗಳದ ಕಲ್ಲಿನ ಮೇಲೆ ಕೂತು ನೆಲ ನೋಡುತ್ತಿದ್ದರು. ಕೂದಲು ಇನ್ನೂ ಬೆಳೆದಿರಲಿಲ್ಲ, ಆದರೆ ಸೀರೆ ಉಟ್ಟು ಬಂದಿದ್ದರು.

ನಿಂಗಮ್ಮನ ಎದುರು ಮನೆಯ ಹೊಂಬಾಳಮ್ಮ, ಎಂಬತ್ತರ ಆಸುಪಾಸಿನ ಮುದುಕಿ, ಕೋಲೂರಿಕೊಂಡು ಬಂದು ಮಂಜುಳ ಅವರ ಪಕ್ಕದಲ್ಲಿ ಕೂತರು. ಸೀರೆಯ ಅಂಚನ್ನು ಒಂದಿಷ್ಟು ಸರಿಸಿ ಆ ಸಣಕಲು ಕಾಲಿನ ಮೇಲೆ ಕೈಯಿಟ್ಟರು.

"ಇದ್ಕೆ ಎರಡು ವರ್ಸ ಹರಳೆಣ್ಣೆ ತೀಡಿರೋಳು ನಾನು. ಮಂಡಿ ಕೆಳ್ಗೆ ಈ ಗಂಟು ಐತಲ್ಲ, ಕಣ್ಣು ಮುಚ್ಕೊಂಡು ಹೇಳ್ತೀನಿ. ನಿಂಗಿ ಹೊಟ್ಟೇಲಿ ಹುಟ್ಟಿದ್ ಕೂಸು ಇದೇ ಕಣವ್ವ. ಹೆಸ್ರು ಏನಾರ ಇಟ್ಕೊಳ್ಳಿ. ಎಲ್ಲೊತ್ಬೇಕು ಹೆಬ್ಬೆಟ್ಟ?"

ಆಕೆಯ ಹೆಬ್ಬೆಟ್ಟಿನ ನಂತರ ಒಬ್ಬೊಬ್ಬರಾಗಿ ಬಂದರು. ಬೇಡವೆಂದಿದ್ದ ಹಿರಿಯರೂ ಕೊನೆಗೆ ಪೆನ್ನು ಕೇಳಿದರು. ಸೆಪ್ಟೆಂಬರ್ ಮೊದಲ ವಾರ, ಕರಿಯಪ್ಪನ ಮಗಳು ಮಂಜುಳ ಎಂದು ಬರೆದ ವಂಶವೃಕ್ಷಕ್ಕೆ ಸಹಿ ಹಾಕಿದೆ.

ಕಥೆ ಇಲ್ಲಿ ಮುಗಿದಿದ್ದರೆ ನನಗೂ ಹೇಳಲು ಸುಖವಾಗುತ್ತಿತ್ತು. ಆ ಕಾಗದ ಹಿಡಿದು ಆಸ್ಪತ್ರೆಗೆ ಹೋದರೆ ವೈದ್ಯಕೀಯ ಮಂಡಳಿಯ ಸರದಿ ನವೆಂಬರಿಗೆ ಬಂತು. ಇಪ್ಪತ್ತೊಂಬತ್ತು ವರ್ಷದಿಂದ ಹಾಗೇ ಇದ್ದ ಕಾಲನ್ನು ಹೊಸದಾಗಿ ಅಳೆದರು. ಚೀಟಿ ಕೈಸೇರಿದ್ದು ಡಿಸೆಂಬರಿನಲ್ಲಿ. ತಂದೆ ತೀರಿ ಒಂದು ವರ್ಷ ಎರಡು ತಿಂಗಳಾಗಿತ್ತು. ಅವಧಿ ಮೀರಿದ ಅರ್ಜಿ ಎಂದು ಇಲಾಖೆ ತಿರಸ್ಕರಿಸಿತು. ಮಂಜುಳ ಈಗ ಅಪ್ಪನ ಮಗಳು ಹೌದು, ಅಂಗವಿಕಲೆ ಹೌದು, ಅಭ್ಯರ್ಥಿ ಮಾತ್ರ ಅಲ್ಲ.

ನಾನು 2023ರ ಏಪ್ರಿಲ್‌ನಲ್ಲಿ ನಿವೃತ್ತಳಾದೆ. ಎರಡು ವರ್ಷಗಳ ನಂತರ ಸರ್ಕಾರ ಜಿಲ್ಲೆಯ ಹೆಸರನ್ನೇ ಬದಲಾಯಿಸಿತು. ಒಂದೇ ಆದೇಶಕ್ಕೆ ಬೋರ್ಡುಗಳು ಬದಲಾದವು. ಹಳೆಯ ಜಿಲ್ಲೆ ಸತ್ತಿತೇ, ಇದು ಅದೇ ಜಿಲ್ಲೆಯೇ ಎಂದು ಯಾರೂ ಮಹಜರು ಕೇಳಲಿಲ್ಲ. ಆ ವಾರವೇ ಮಂಜುಳ ಅವರ ವಕೀಲರು ಫೋನ್ ಮಾಡಿದರು. ಇಲಾಖೆ ಅರ್ಜಿ ತಿರಸ್ಕರಿಸಿದ್ದರ ವಿರುದ್ಧ ಮಂಜುಳ ಹೂಡಿದ್ದ ಪ್ರಕರಣ ನಡೆಯುತ್ತಿತ್ತು. ವಿಳಂಬಕ್ಕೆ ಅರ್ಜಿದಾರರು ಕಾರಣರಲ್ಲ ಎಂದು ತೋರಿಸಬೇಕಿತ್ತು.

ಕಡತದ ಪ್ರತಿ ತರಿಸಿಕೊಂಡು ಮೊದಲ ಬಾರಿಗೆ ಪೂರ್ತಿ ಓದಿದೆ. ಮಂಜುಳ ಫೆಬ್ರವರಿಯಲ್ಲೇ ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಲಗತ್ತಿಸಿದ್ದರು. ಅದರಲ್ಲಿ ತಂದೆಯ ಹೆಸರಿತ್ತು. ಅದರ ಮುಂದಿನ ಹಾಳೆಯಲ್ಲಿ, ಆ ಪ್ರಮಾಣಪತ್ರದಂತೆ ಉಳಿದ ದಾಖಲೆಗಳನ್ನು ತಿದ್ದಿಕೊಡಬೇಕೆಂಬ ನಿಯಮದ ಪ್ರತಿ, ಅಡಿಗೆರೆ ಎಳೆದು ಇಟ್ಟಿದ್ದರು. ನಾನು ಎರಡನೆಯ ಪುಟ ದಾಟಿರಲಿಲ್ಲ. ಅಸಿಂಧುವಾಗಿದ್ದದ್ದು ನನ್ನ ಹಿಂಬರಹ.

ಹಾಗೆಂದೇ ಕೋರ್ಟಿಗೆ ಅಫಿಡವಿಟ್ ಬರೆದುಕೊಟ್ಟೆ. ಮನೆಯಲ್ಲಿ, ಪಿಂಚಣಿಗೆ ತೊಂದರೆಯಾದೀತು ಎಂದರು. ಬರೆದುಕೊಟ್ಟು ಬಂದ ದಿನ ಮಂಜುಳ ಕೋರ್ಟಿನ ಕಾರಿಡಾರಿನಲ್ಲಿ ಸಿಕ್ಕರು. ಈಗ ತಾಯಿಯನ್ನು ಚನ್ನಪಟ್ಟಣದ ಕೋಣೆಗೇ ಕರೆತಂದು ಇಟ್ಟುಕೊಂಡಿದ್ದಾರೆ. ನಾನು ಕ್ಷಮೆ ಕೇಳಿದೆ. "ಆವತ್ತೇ ಒಸಿ ಪುಟ ತಿರುವಿದ್ರೆ ಆಗ್ತಿತ್ತಲ್ವಾ ಮೇಡಂ" ಎಂದರು. ಸಿಟ್ಟಿರಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಪ್ರಕರಣ ಇನ್ನೂ ಮುಗಿದಿಲ್ಲ.

ಕಚೇರಿಯಲ್ಲಿ ಒಂದು ಅರ್ಜಿಯನ್ನು ಒಪ್ಪಿದರೆ ಹತ್ತು ಕಡೆಯಿಂದ ವಿವರಣೆ ಕೇಳುತ್ತಾರೆ. ತಿರಸ್ಕರಿಸಿದರೆ ಯಾರೂ ಕೇಳುವುದಿಲ್ಲ. ಆದ್ದರಿಂದಲೇ ನಮ್ಮ ಕೈ ಬಲುಬೇಗ ಅತ್ತ ಕಡೆ ಹೋಗುತ್ತದೆ, ಅದನ್ನೇ ನಾವು ಎಚ್ಚರಿಕೆ ಎಂದು ಕರೆದುಕೊಳ್ಳುತ್ತೇವೆ. ಈಗ ತರಬೇತಿಗೆ ಬರುವ ಹೊಸಬರ ಮುಂದೆ ಮಾತಾಡಲು ಯಾರಾದರೂ ಕರೆದರೆ ನಾನು ಹೇಳುವುದು ಇಷ್ಟೇ: ಇಲ್ಲ ಎಂದು ಬರೆಯುವ ಮುಂಚೆ ಆ ಮನುಷ್ಯರನ್ನು ಕರೆದು ಕೂರಿಸಿ. ಕೊನೆಯ ಹಾಳೆಯವರೆಗೆ ಓದಿ. ಆಮೇಲೂ ಇಲ್ಲ ಎಂದೇ ಬರೆಯಬೇಕಾಗಿ ಬಂದರೆ, ಅವರ ಕಣ್ಣೆದುರಿಗೇ ಬರೆಯಿರಿ.