ಪಂಜು ಅವನದು, ಲಾಟೀನು ನನ್ನದು

ಸುಳ್ಳು ಸುದ್ದಿ ಅಂತಲೇ ಅಂದುಕೊಂಡೆ...
ಬೆಳಿಗ್ಗೆ ಫೋನ್ ಬಂದಾಗ "ಲೇ, ಮುಂಜಾನೆದ್ದು ಇಂಥ ತಮಾಷಿ ಮಾಡಬ್ಯಾಡ್ರೋ" ಅಂತ ಬೈದು ಕಟ್ ಮಾಡಿದೆ.
ಮತ್ತೊಬ್ಬರದು ಬಂತು. ಅವರೂ ಅದನ್ನೇ ಹೇಳಿದರು.

ಹೊಸಪೇಟೆಯ ಪಿ.ಟಿ. ಮೇಷ್ಟ್ರು, ನನ್ನ ಗೆಳೆಯ ಪಂಪಾಪತಿ ಇನ್ನಿಲ್ಲ...
ಹಾರ್ಟ್ ಅಟ್ಯಾಕ್ ಅಂತೆ.
ಗ್ರೌಂಡಿಗೆ ಹೊರಟವನು, ಶೂ ಲೇಸ್ ಕಟ್ಟುತ್ತಾ ಕೂತಲ್ಲೇ...

ಅವನ ಊರು ಮಲಪನಗುಡಿಗೆ ಹೋಗಿ, ಮಣ್ಣು ಮುಗಿಸಿಕೊಂಡು ಬಂದು ಬರೆಯುತ್ತಿದ್ದೇನೆ.
ಹೊಟ್ಟೆ ಉರಿಯುತ್ತಿದೆ.
ಇದ್ದದ್ದು ಇದ್ದಹಾಗೆ ಹೇಳುತ್ತೇನೆ, ಬೈಯುವವರು ಬೈಯಿರಿ.

ಬೆಳಿಗ್ಗೆಯಿಂದ ಫೇಸ್‌ಬುಕ್, ವಾಟ್ಸಾಪ್ ತುಂಬಾ ಅದೊಂದೇ ಫೋಟೋ.
ಕಮಲಾಪುರ ಕೆರೆ ಏರಿ. ಪಂಪಾಪತಿಯ ಕೈಯಲ್ಲಿ ಉರಿಯುವ ಪಂಜು. ಕತ್ತು ತಿರುಗಿಸಿ ಹಿಂದೆ ನೋಡಿ ನಗುತ್ತಿದ್ದಾನೆ.
"ನಮ್ಮ ಹೀರೋ"... "ನನ್ನ ಒಡಹುಟ್ಟಿದ ಅಣ್ಣನಂಥವನು"... "ಮೈ ಬೆಸ್ಟ್ ಫ್ರೆಂಡ್"...
ಏನ್ರಪ್ಪಾ, ಇಷ್ಟು ಮಂದಿ ಬೆಸ್ಟ್ ಫ್ರೆಂಡ್ಸು ಇಷ್ಟು ದಿನ ಎಲ್ಲಿದ್ದಿರಿ?
ಆ ಫೋಟೋ ತೆಗೆದಾಗ ನಾನೂ ಅಲ್ಲೇ ಇದ್ದೆ. ಫ್ರೇಮಿನ ಆಚೆ, ಹಿಂದಿನ ವ್ಯಾನಿನಲ್ಲಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ.
ನಮ್ಮ ಕಡೆ ಕ್ರೀಡಾಕೂಟಕ್ಕೆ ಮುಂಚೆ ಹಂಪಿಯಲ್ಲಿ ಜ್ಯೋತಿ ಹಚ್ಚುತ್ತೇವೆ.
ಕಮಲಾಪುರ, ಕಂಪ್ಲಿ, ಮೆಟ್ರಿ, ದರೋಜಿ, ಸಂಡೂರು... ಕೆರೆ ದಂಡೆ, ಹೊಳೆ ದಂಡೆಯ ಊರುಗಳನ್ನೆಲ್ಲ ಸುತ್ತಿಸಿ ಹೊಸಪೇಟೆಗೆ ತರುತ್ತೇವೆ.
ಪಂಪಾಪತಿ ಪಂಜು ಹಿಡಿದು ಓಡುವವನು.
ಕಂಪ್ಲಿಯ ಪಿ.ಟಿ. ಮೇಷ್ಟ್ರಾದ ನಾನು ಲಾಟೀನು ಹಿಡಿದು ವ್ಯಾನಿನಲ್ಲಿ ಕೂರುವವನು.
ಪಂಜು ಆರಿದರೆ ಬೆಂಕಿಪೊಟ್ಟಣ ಗೀರುವಂತಿಲ್ಲ. ಹಂಪಿಯಲ್ಲಿ ಹಚ್ಚಿದ ಬೆಂಕಿಯೇ ಬೇಕು. ಅದು ನನ್ನ ಲಾಟೀನಿನಲ್ಲಿ ಇರುತ್ತಿತ್ತು.

ಊರು ಬಂತು ಅಂದರೆ ಸಾಕು, ಹೆಂಗಸರು ಬಿಂದಿಗೆ ತಂದು ಅವನ ಪಾದಕ್ಕೆ ನೀರು ಹಾಕುತ್ತಿದ್ದರು.
ಆರತಿ... ಹಾರ... ಮಂಡಕ್ಕಿ, ಮಿರ್ಚಿ...
ನನ್ನ ಪಾದಗಳು ಶೂ ಒಳಗೇ ಬೇಯುತ್ತಿದ್ದವು. ತೊಡೆ ಮೇಲೆ ಲಾಟೀನಿನ ಕಾವು ಬೇರೆ.
"ಆ ಡ್ರೈವರ್ ಪಕ್ಕ ಕುಂತಾನಲ್ಲ, ಕ್ಲೀನರ್ರು, ಅವನಿಗೂ ಒಂದು ಚಾ ಕೊಡ್ರಿ" ಅಂದವರೂ ಇದ್ದಾರೆ!

ಒಮ್ಮೆ ಮೆಟ್ರಿಯಲ್ಲಿ ಒಬ್ಬ ಅಜ್ಜಿ ಗಿಂಡಿ ತುಂಬಾ ಶೇಂಗಾ ಎಣ್ಣೆ ತಂದಳು.
"ದೀಪಕ್ಕ ಎಣ್ಣಿ ಹಾಕಿದ್ರ ಪುಣ್ಯ ಬರ್ತೈತಪಾ" ಅಂದವಳೇ ಅಷ್ಟನ್ನೂ ಪಂಜಿಗೆ ಸುರಿದೇಬಿಟ್ಟಳು.
ಬಟ್ಟೆ ಮುಳುಗಿ ಪಂಜು ಆರಿಹೋಯಿತು. ಅಜ್ಜಿ ಮುಖ ಸಣ್ಣದಾಯಿತು, ಅಳುವುದೊಂದು ಬಾಕಿ.
ಪಂಪಾಪತಿ ನಕ್ಕ. "ಏನಾಗಂಗಿಲ್ಲ ಬಿಡಬೇ ಅಜ್ಜಿ. ಜ್ಯೋತಿಗೆ ಹೊಟ್ಟಿ ತುಂಬೈತಿ, ನಿದ್ದಿ ಬಂದೈತಿ ಅಷ್ಟ."
ಊರಿಗೆ ಊರೇ ನಕ್ಕಿತು.
ಓಡಿಹೋಗಿ ಪಂಜಿನ ಬಟ್ಟೆ ಬದಲಿಸಿ, ಲಾಟೀನಿನಿಂದ ಹಚ್ಚಿದವನು ನಾನು.
ಚಪ್ಪಾಳೆ ಅವನಿಗೆ...

ಲೇ ಪಂಪಾ...
ಹೊಸಪೇಟೆ ಎಂಟ್ರಿ ಒಂದೇ ಒಂದು ಸಲ ನನಗೆ ಬಿಟ್ಟುಕೊಡು ಅಂತ ಎಷ್ಟು ಕೇಳಿದ್ದೆ?
ಪಕ್ಕದಲ್ಲಿ ಡ್ಯಾಮಿನ ನೀರು, ಮುಂದೆ ಹಲಗೆ ಬಡಿಯೋರು, ರಸ್ತೆಯ ಎರಡೂ ಕಡೆ ಮಂದಿ...
ಅದೊಂದು ಓಟಕ್ಕೆ ಜೀವ ಬಿಡುತ್ತಿದ್ದೆ ಕಣೋ.
ಪ್ರತಿಸಲ ನಿನ್ನದು ಒಂದೇ ಉತ್ತರ. "ನೀ ಹಿಂದ ಇರಬೇಕಲೇ ಗಾದಿಲಿಂಗ."
ಹಿಂದೆ ಇರಬೇಕಂತೆ! ಮೈಯೆಲ್ಲ ಉರಿದುಹೋಗುತ್ತಿತ್ತು.
ಓಡುವಾಗ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದೆಯಲ್ಲ...
"ಪೋಸ್ ಕೊಡ್ತಾನ ನೋಡು, ದೊಡ್ಡ ಫಿಲ್ಮ್ ಸ್ಟಾರು" ಅಂತ ಡ್ರೈವರ್ ಮುಂದೆ ಹಲ್ಲು ಕಡಿಯುತ್ತಿದ್ದೆ.

ಇವತ್ತು ನಿನ್ನ ಅಂಗಳದಲ್ಲೂ ಹೆಂಗಸರು ಬಿಂದಿಗೆ ತಂದರು.
ನಿನ್ನ ಪಾದಕ್ಕೆ ನೀರು ಹಾಕಿದರು.
ಇವತ್ತೂ ನಿನಗೇ...
ಇದೊಂದು ಮಾತ್ರ ನನಗೆ ಬೇಕು ಅನ್ನಿಸಲಿಲ್ಲ.

ಗೋಡೆಯ ಮೇಲಿದ್ದ ಆ ಫೋಟೋ ಇಳಿಸಿ, ನಿನ್ನ ಹೆಂಡತಿ ಶಾಂತಕ್ಕ ನನ್ನ ಕೈಗೆ ಕೊಟ್ಟಳು.
"ಇದು ನಿಮಗ ಸೇರಬೇಕ್ರಿ ಅಣ್ಣಾರ. ಪಂಜು ಎಲ್ಲಿ ಆರತೈತೋ ಅಂತ ಅವರಿಗೆ ಭಾಳ ಅಂಜಿಕಿ ಇತ್ತು. ಕೆರಿ ಗಾಳಿ ಬಿಟ್ಟಾಗೆಲ್ಲ ತಿರುಗಿ ನೋಡ್ತಿದ್ರಂತ. ನಿಮ್ಮ ಲಾಟೀನು ಕಂಡ್ರ ನಗು ಬರ್ತಿತ್ತಂತ. 'ನಂದು ಆರತೈತಿ, ಆ ನನ್ಮಗಂದು ಒಂದ ಸಲನೂ ಆರಂಗಿಲ್ಲ' ಅಂತ ಮನಿಗೆ ಬಂದು ಹೊಟ್ಟಿ ಉರ್ಕಂತಿದ್ರು."

ಊರೆಲ್ಲ ಹಂಚಿಕೊಳ್ಳುತ್ತಿರುವ ಆ ನಗು... ನನ್ನ ಕಡೆಗಂತೆ.
ಇದನ್ನು ನನಗೆ ನೀನೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ?

ಸಂಜೆ ಕಮಿಟಿಯವರು ಫೋನ್ ಮಾಡಿದ್ದರು.
"ಸರ, ಈ ಸಲ ಹೊಸಪೇಟಿ ಎಂಟ್ರಿ ನೀವ ಮಾಡಬೇಕ್ರಿ."
ಹೂಂ ಅಂದೆ...
ಇಷ್ಟು ವರ್ಷ ಬಾಯಿಬಿಟ್ಟು ಕೇಳಿದ್ದು ಇದನ್ನೇ ತಾನೇ.

ಓಡುತ್ತೇನೆ ಪಂಪಾ.
ಡ್ಯಾಮ್ ದಂಡೆಯಲ್ಲಿ ಗಾಳಿ ಜೋರು.
ನಾನೂ ತಿರುಗಿ ನೋಡುತ್ತೇನೆ...
ಲಾಟೀನು ಹಿಡಿದು ಯಾರು ಕೂತಿರುತ್ತಾರೋ.

ಹೋಗಿ ಬಾ ಗೆಳೆಯಾ. ಅಲ್ಲಿಗೂ ನೀನೇ ಮೊದಲು ಎಂಟ್ರಿ ಹೊಡೆದೆ ನೋಡು...
ಆ ವಿರೂಪಾಕ್ಷ ನಿನ್ನ ಜೀವವನ್ನು ಗಾಳಿ ತಾಗದ ಹಾಗೆ ತಣ್ಣಗೆ ಇಟ್ಟುಕೊಳ್ಳಲಿ. 🙏