ಫರ್ನಿಚರ್ ಅಂತ ಬರೆಯಬೇಕಿತ್ತು

ನಾನು ಜೀವಮಾನದಲ್ಲಿ ಒಮ್ಮೆಯೂ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಆದರೆ ಮಸ್ಕತ್ತಿನಲ್ಲಿದ್ದಾಗ ಎರಡು ತಿಂಗಳಿಗೊಂದು ಉಗುರುಬಣ್ಣದ ಶೀಶೆ ಮುಗಿಸುತ್ತಿದ್ದೆ. ನನ್ನ ಬೋಳು ಬೆರಳುಗಳನ್ನು ನೋಡಿ ಅಂಗಡಿಯವನು ಏನು ತಿಳಿದುಕೊಂಡನೋ ಗೊತ್ತಿಲ್ಲ. ಬಣ್ಣವೆಲ್ಲ ಹೋಗುತ್ತಿದ್ದದ್ದು ಊಟದ ಕ್ಯಾರಿಯರುಗಳಿಗೆ. ಚೀಟಿ ಅಂಟಿಸಿದರೆ ತೊಳೆಯುವಾಗ ಬಿದ್ದುಹೋಗುತ್ತದೆ, ಪೆನ್ನಿನ ಗುರುತು ಎರಡು ದಿನವೂ ನಿಲ್ಲುವುದಿಲ್ಲ. ಉಗುರುಬಣ್ಣ ವಾರಗಟ್ಟಲೆ ಗಟ್ಟಿ. ಒಂದು ಚುಕ್ಕಿಯೆಂದರೆ ಖಾರ ಕಡಿಮೆ, ಎರಡು ಚುಕ್ಕಿಯೆಂದರೆ ಸೋಮವಾರ ಮೀನು ಬೇಡ, ಮೂರು ಚುಕ್ಕಿಯೆಂದರೆ ಅನ್ನ ಜಾಸ್ತಿ. ಈ ಲಿಪಿ ಓದಲು ಬರುತ್ತಿದ್ದದ್ದು ಭೂಮಿಯ ಮೇಲೆ ಇಬ್ಬರಿಗೆ ಮಾತ್ರ, ನನಗೆ ಮತ್ತು ನನ್ನ ಗಂಡನಿಗೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ಅಲ್ ಗುಬ್ರಾ ಬಡಾವಣೆಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾವು ಮೂವರು, ನಾನು, ಇವರು, ಮತ್ತು ಐದನೇ ಕ್ಲಾಸಿನ ಮಗಳು. ಇವರು ಪೇಟೆಭಾಗವಾದ ರೂವಿಯ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಗುಮಾಸ್ತ. ಅಲ್ಲಿ ಆಗ ಆಫೀಸುಗಳಿಗೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಿಡುವು. ಉಳಿದವರು ಊಟ ಮಾಡಿ ಮಲಗುವ ಹೊತ್ತಿನಲ್ಲಿ ಇವರು ಹಳೆಯ ಕಾರಿನ ಡಿಕ್ಕಿಯಲ್ಲಿ ಹದಿನಾಲ್ಕು ಕ್ಯಾರಿಯರ್ ಇಟ್ಟುಕೊಂಡು ಹೊರಡುತ್ತಿದ್ದರು. ನಮ್ಮ ಗಿರಾಕಿಗಳೆಲ್ಲ ಊರಿನ ಕಡೆಯ ಗಂಡಸರು. ಹೆಂಡತಿ ಮಕ್ಕಳನ್ನು ಉಡುಪಿ, ಕಾರ್ಕಳದಲ್ಲಿ ಬಿಟ್ಟು ಬಂದು, ಒಂದು ರೂಮಿನಲ್ಲಿ ನಾಲ್ಕೈದು ಜನ ಇದ್ದುಕೊಂಡು, ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿಯೋ ಅಂಗಡಿಗಳಲ್ಲಿಯೋ ದುಡಿಯುತ್ತಿದ್ದವರು. ಅವರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ ಸಿಕ್ಕಿದರೆ ಅಷ್ಟೇ ಸಾಕಾಗಿತ್ತು. ಇವರು ಖಾಲಿ ಕ್ಯಾರಿಯರ್ ತಂದುಕೊಟ್ಟು, ನಿಂತುಕೊಂಡೇ ಎರಡು ತುತ್ತು ತಿಂದು, ಮತ್ತೆ ಆಫೀಸಿಗೆ ಓಡಬೇಕು. ಒಮ್ಮೆಯೂ ಗೊಣಗಿದವರಲ್ಲ. ಗೊಣಗುವ ಕೆಲಸವನ್ನು ನಾನು ವಹಿಸಿಕೊಂಡಿದ್ದೆ.

ಇನ್ನೊಬ್ಬಳು ಗೊಣಗುತ್ತಿದ್ದವಳು ಮಗಳು. "ಮಮ್ಮಿ, ಮೈ ಯೂನಿಫಾರ್ಮ್ ಸ್ಮೆಲ್ಸ್ ಆಫ್ ಫಿಶ್" ಎಂದು ಬೆಳಿಗ್ಗೆ ಬೆಳಿಗ್ಗೆ ಮೂತಿ ಊದಿಸುತ್ತಿದ್ದಳು. ಆ ಮೀನಿನಿಂದಲೇ ನಿನ್ನ ಸ್ಕೂಲಿನ ಫೀಸು ಹುಟ್ಟುವುದು ಎಂದು ಗದರಿಸಿ ಕಳಿಸುತ್ತಿದ್ದೆ.

ಹೀಗೆ ನಡೆಯುತ್ತಿರುವಾಗ ಇವರ ಕಂಪನಿಯಿಂದ ಒಂದು ಸುತ್ತೋಲೆ ಬಂತು. ವ್ಯಾಪಾರ ಮಂದವಾಗಿದೆ, ಮುಂದಿನ ಏಪ್ರಿಲಿನಿಂದ ಗುಮಾಸ್ತರಿಗೆ ಸಂಸಾರದ ಮನೆ ಬಾಡಿಗೆ ಕೊಡಲಾಗುವುದಿಲ್ಲ. ಬಾಡಿಗೆಯಿಲ್ಲವೆಂದರೆ ಸಂಸಾರವಿಲ್ಲವೆಂದೇ ಅರ್ಥ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಗಂಡಸು ಯಾವುದಾದರೂ ರೂಮಿನ ಐದನೆಯ ಮಂಚ ಹಿಡಿಯಬೇಕು. ನಾನು ಎರಡು ದಿನ ಅತ್ತೆ. ಮೂರನೆಯ ದಿನ ಸಿಟ್ಟು ಬಂತು. ಹದಿನಾಲ್ಕು ಕ್ಯಾರಿಯರ್ ಮೂವತ್ತಾದರೆ ಬಾಡಿಗೆಯನ್ನು ನಾವೇ ಕಟ್ಟಬಹುದು ಎಂದು ನನಗೆ ಹೊಳೆದದ್ದು ಆ ಸಿಟ್ಟಿನಲ್ಲೇ.

ನಮ್ಮ ಊಟ ಬೇಕೆಂದು ಕಾಯುತ್ತಿದ್ದವರು ಇದ್ದರು. ಅಡ್ಡಿಯಾಗಿದ್ದದ್ದು ನನ್ನ ಅಡುಗೆಮನೆ. ಮಸಾಲೆ ಅರೆದು ಅರೆದು ಮಿಕ್ಸಿ ಕಾದು ವಾಸನೆ ಬರುತ್ತಿತ್ತು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಜ್ವರದ ಮಗುವಿನ ಹಾಗೆ ಸಂಬಾಳಿಸುತ್ತಿದ್ದೆ. ಮತ್ರಾದ ಮಾರುಕಟ್ಟೆಯಲ್ಲಿ ಮೀನು ಅಗ್ಗವಾದ ದಿನ ಹೆಚ್ಚು ತಂದಿಟ್ಟುಕೊಳ್ಳಲು ಜಾಗವಿರಲಿಲ್ಲ. ರೂವಿಯಲ್ಲಿ ಒಂದು ಹೋಟೆಲು ಮುಚ್ಚುತ್ತಿತ್ತು. ಅದರ ಡೀಪ್ ಫ್ರೀಜರ್, ದೊಡ್ಡ ಗ್ರೈಂಡರ್, ಮೂರು ಉರಿಯ ಒಲೆ, ಎಲ್ಲ ಸೇರಿ ನಾನೂರು ರಿಯಾಲಿಗೆ ಸಿಗುವುದಿತ್ತು. ತಿಂಗಳ ಕೊನೆಯವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಹೋಟೆಲಿನವನು ಮಾತು ಕೊಟ್ಟಿದ್ದ.

ನಮ್ಮ ಮೇಲಿನ ಮಹಡಿಯಲ್ಲಿ ಮಂಗಳೂರಿನ ಒಬ್ಬ ಕ್ರಿಶ್ಚಿಯನ್ ಹೆಂಗಸು ಇದ್ದರು, ನಾವು ಬಾಯಮ್ಮ ಎನ್ನುತ್ತಿದ್ದೆವು. ಬ್ಯಾಂಕಿನಲ್ಲಿ ಕೆಲಸ. ಇವರ ಸಂಬಳದ ಮೇಲೆ ಸಣ್ಣ ಸಾಲ ಸಿಗುತ್ತದೆ ಎಂದು ಹೇಳಿ ಅರ್ಜಿಯನ್ನು ಅವರೇ ತಂದುಕೊಟ್ಟರು. ನಮ್ಮ ಊಟದ ಮೇಜಿನ ಮುಂದೆ ಕೂತು ಇವರಿಗೆ ಅರ್ಜಿಯ ಒಂದೊಂದು ಸಾಲನ್ನೂ ವಿವರಿಸಿದರು. 'ಸಾಲದ ಉದ್ದೇಶ' ಎಂಬಲ್ಲಿ ಇವರ ಪೆನ್ನು ನಿಂತಿತು.

"ಅಲ್ಲಿ ಫರ್ನಿಚರ್ ಅಂತ ಬರೆಯಿರಿ. ಎಲ್ಲ ಹಾಗೇ ಬರೆಯುವುದು. ಯಾರೂ ಮನೆಗೆ ಬಂದು ಕುರ್ಚಿ ಲೆಕ್ಕ ಮಾಡುವುದಿಲ್ಲ" ಎಂದರು ಬಾಯಮ್ಮ.

ಇವರು ಬರೆದರು. ಇವರ ಇಂಗ್ಲಿಷ್ ಅಕ್ಷರ ಬಹಳ ಚಂದ. ಬಾಯಮ್ಮ ಹೋದ ಮೇಲೆ ಆ ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದೆ. ಚಂದದ ಅಕ್ಷರದಲ್ಲಿ ಒಂದು ಸುಳ್ಳು. ನಾಲ್ಕು ವರ್ಷ ನಸುಕಿಗೆ ಎದ್ದು ತೆಂಗಿನಕಾಯಿ ತುರಿದವಳು ನಾನು. ಎಣ್ಣೆ ಸಿಡಿದು ಮೊಣಕೈವರೆಗೆ ಕಲೆಯಾದವಳು ನಾನು. ಒಂದೇ ಒಂದು ಕಡೆ ನನ್ನ ಕೆಲಸದ ಹೆಸರು ಕಾಗದದ ಮೇಲೆ ಬರುವುದಿದ್ದರೆ, ಅಲ್ಲಿಯೂ ಮೇಜು ಕುರ್ಚಿ ಬಂದು ಕೂತಿದ್ದವು.

"ನಾನು ಕಳ್ಳತನ ಮಾಡುವುದಾ?" ಎಂದು ಇವರನ್ನು ಕೇಳಿದೆ. "ಹದಿನಾಲ್ಕು ಜನರ ಹೊಟ್ಟೆ ತುಂಬಿಸುವುದು ಅಷ್ಟು ನಾಚಿಕೆಯ ಕೆಲಸವಾ?"

"ಹಾಗಲ್ಲ ಮಾರಾಯ್ತಿ. ಬಾಯಮ್ಮ ಬ್ಯಾಂಕಿನವರು, ಅವರಿಗೆ ಗೊತ್ತುಂಟಲ್ಲ."

"ಬ್ಯಾಂಕಿನವರಿಗೆ ವ್ಯಾಪಾರ ಅಂದರೆ ಇನ್ನೂ ಧೈರ್ಯ. ದುಡ್ಡು ವಾಪಸ್ ಬರ್ತದೆ ಅಂತ ಗೊತ್ತಾಗ್ತದೆ. ಕುರ್ಚಿ ಏನು ಮೊಟ್ಟೆ ಇಡ್ತದಾ? ನೀವು ಇದ್ದದ್ದು ಇದ್ದ ಹಾಗೆ ಬರೆಯಿರಿ."

ಮೂರು ದಿನ ಇದೇ ಜಗಳ. ನಾನು ಮಾತು ಬಿಟ್ಟೆ. ನಮ್ಮ ಮನೆಯಲ್ಲಿ ಅದು ಬ್ರಹ್ಮಾಸ್ತ್ರ. ಕೊನೆಗೆ ಇವರೇ ಮೇಲೆ ಹೋಗಿ ಇನ್ನೊಂದು ಅರ್ಜಿ ಕೇಳಿ ತಂದರು. ಈ ಸಲ ಇವರು ಬರೆದದ್ದು, ಹೆಂಡತಿ ಮನೆಯಿಂದ ನಡೆಸುವ ಊಟದ ವ್ಯಾಪಾರವನ್ನು ದೊಡ್ಡದು ಮಾಡುವುದಕ್ಕಾಗಿ ಎಂದು. ಅದನ್ನು ಎರಡು ಸಲ ಓದಿಸಿ ಕೇಳಿಕೊಂಡೆ. ಆ ರಾತ್ರಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಇವರಿಗೆ ಇಷ್ಟವಾದ ಅಂಜಲ್ ಮೀನು ಕಾಯಿಸಿ ಬಡಿಸಿದೆ.

ಅರ್ಜಿ ಬ್ಯಾಂಕಿಗೆ ಹೋಗುವ ಮೊದಲು ಕಂಪನಿಗೆ ಹೋಗಬೇಕಿತ್ತು. ಇವರ ಸಂಬಳ ಆ ಬ್ಯಾಂಕಿಗೇ ಜಮಾ ಆಗುತ್ತದೆ ಎಂದು ಕಫೀಲ್ ಸಹಿ ಹಾಕಿ ಸೀಲು ಒತ್ತಬೇಕು. ಕಫೀಲ್ ಎಂದರೆ ಕಂಪನಿಯ ಒಡೆಯ, ನಮ್ಮೆಲ್ಲರ ವೀಸಾಕ್ಕೆ ಹೊಣೆ ನಿಂತವನು. ನನ್ನದು ಗಂಡನ ಹೆಸರಿನ ಮೇಲೆ ಬಂದ ಫ್ಯಾಮಿಲಿ ವೀಸಾ. ಆ ವೀಸಾದವರು ದುಡಿಯುವಂತಿಲ್ಲ. ಇದು ನಮಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಎಲ್ಲರಿಗೂ ಗೊತ್ತಿತ್ತು. ಆದರೆ ಕಟ್ಟಡದಲ್ಲಿ ಒಬ್ಬಳು ಬಟ್ಟೆ ಹೊಲಿಯುತ್ತಿದ್ದಳು, ಒಬ್ಬಳು ಟ್ಯೂಷನ್ ಹೇಳುತ್ತಿದ್ದಳು, ಯಾರೂ ಏನೂ ಕೇಳುತ್ತಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಬರೆದು, ಹೋಗಿ ಹೋಗಿ ಕಫೀಲನ ಕೈಗೇ ಕೊಟ್ಟವಳು ನಾನೊಬ್ಬಳು.

ಅರ್ಜಿ ಕಂಪನಿಗೆ ಕೊಟ್ಟ ನಾಲ್ಕನೆಯ ದಿನ ಇವರು ಎಂದಿನಂತೆ ಮಧ್ಯಾಹ್ನ ಬಂದರು. ಎಂದಿನಂತೆ ಕ್ಯಾರಿಯರುಗಳನ್ನು ಡಿಕ್ಕಿಗೆ ತುಂಬಿಕೊಂಡು ಹೋದರು. ಹದಿನಾಲ್ಕನ್ನೂ ಮುಟ್ಟಿಸಿ ಬಂದು, ಕೈ ತೊಳೆದು, ಆಮೇಲೆ ಹೇಳಿದರು.

"ನಾಳೆಯಿಂದ ಬೇಡವಂತೆ."

"ಯಾವುದು?"

"ಊಟ."

ಬೆಳಿಗ್ಗೆಯೇ ಕಫೀಲ್ ಕರೆದು ಹೇಳಿದ್ದನಂತೆ. ಊಟ ತಣ್ಣಗಾಗುತ್ತದೆ, ಜನ ಕಾಯುತ್ತಿರುತ್ತಾರೆ ಎಂದು ಇವರು ಆ ಮಾತನ್ನು ಮೂರು ಗಂಟೆಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದರು.

ಮರುದಿನ ನಾನೇ ಇವರ ಜೊತೆ ರೂವಿಗೆ ಹೋದೆ. ಕಫೀಲ್ ಕೆಟ್ಟ ಮನುಷ್ಯನಲ್ಲ. ವಯಸ್ಸಾದವನು, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ರಂಜಾನಿನಲ್ಲಿ ಖರ್ಜೂರ ಕಳಿಸುತ್ತಿದ್ದ. ಆ ಡಬ್ಬಿಯನ್ನು ನಾವು ಖಾಲಿ ಹಿಂದಿರುಗಿಸದೆ ಕೋಳಿ ಸುಕ್ಕ ತುಂಬಿಸಿ ಕೊಟ್ಟಿದ್ದೆವು. ನನ್ನನ್ನು ಕೂರಿಸಿ ಕಾವಾ, ಅವರ ಏಲಕ್ಕಿ ಕಾಫಿ, ತರಿಸಿದ.

"ಬಹನ್, ನಿಮ್ಮ ಕೈಯ ಊಟ ನಾನೂ ತಿಂದಿದ್ದೇನೆ" ಎಂದ. "ನೀವು ಅಡುಗೆ ಮಾಡಿ ಕಳಿಸುವುದು ನನಗೆ ಗೊತ್ತಿತ್ತು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಈಗ ನೀವು ಬರೆದುಕೊಟ್ಟಿದ್ದೀರಿ. ಇದಕ್ಕೆ ಸಹಿ ಹಾಕಿದರೆ ತಪ್ಪು ನನ್ನದಾಗುತ್ತದೆ. ಹಾಕದೆ ನಿಮ್ಮನ್ನು ಹಾಗೇ ಬಿಟ್ಟರೂ ನನ್ನದೇ."

"ಆ ಕಾಗದ ಹರಿದುಬಿಡಿ. ಬೇರೆ ಬರೆದುಕೊಡ್ತೇವೆ" ಎಂದೆ. ನನ್ನ ಹರಕು ಹಿಂದಿಯಲ್ಲಿ ಅದನ್ನೇ ಮೂರು ಸಲ ಹೇಳಿದೆ.

ಅವನು ಮೇಜಿನ ಮೇಲಿದ್ದ ಅರ್ಜಿಯನ್ನು ನನ್ನ ಕಡೆ ತಿರುಗಿಸಿದ. ಮೂಲೆಯಲ್ಲಿ ಆಫೀಸಿನ ನೀಲಿ ಮುದ್ರೆ, ಅದರ ಕೆಳಗೆ ನಂಬರು. ಆಫೀಸಿನ ನಾಲ್ಕು ಜನ ಓದಿಯಾಗಿತ್ತು. "ಖಲಾಸ್" ಎಂದ, ಬಹಳ ಮೆತ್ತಗೆ. ಕಾವಾದ ಬಟ್ಟಲನ್ನು ನನ್ನ ಕಡೆ ಸರಿಸಿ, "ಮನೆಗೆ ಫರ್ನಿಚರ್ ಏನಾದರೂ ಬೇಕಿದ್ದರೆ ಹೇಳಿ. ಬ್ಯಾಂಕ್ ಯಾಕೆ, ನಾನೇ ಕೊಡುತ್ತೇನೆ" ಎಂದ.

ಅವನು ಅದನ್ನು ಕರುಣೆಯಿಂದಲೇ ಹೇಳಿದ್ದು. ಫರ್ನಿಚರ್ ಎಂದು ಬರೆದ ಮೊದಲ ಅರ್ಜಿಯ ವಿಷಯ ಅವನಿಗೆ ತಿಳಿಯದು. ಹೂಂ ಎಂದಿದ್ದರೆ ಅವನ ದುಡ್ಡಿನಲ್ಲಿ ಇನ್ನೇನಾದರೂ ದಾರಿ ಹುಡುಕಬಹುದಿತ್ತೋ ಏನೋ. "ಕುರ್ಚಿ ಇದೆ" ಎಂದುಬಿಟ್ಟೆ.

ಕಾರಿನಲ್ಲಿ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ನೀನು ಹಠ ಮಾಡದಿದ್ದರೆ ಎಂದು ಒಂದು ಸಲ, ಒಂದೇ ಒಂದು ಸಲ ಅಂದುಬಿಟ್ಟಿದ್ದರೆ ನಾನೂ ನಾಲ್ಕು ಮಾತು ಅಂದು, ಅತ್ತು, ಹಗುರಾಗುತ್ತಿದ್ದೆ. ಬಾಯಮ್ಮನೂ ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಸುತ್ತ ಇದ್ದವರೆಲ್ಲ ಒಳ್ಳೆಯವರಾಗಿಬಿಟ್ಟರೆ ತಪ್ಪು ಮಾಡಿದವರಿಗೆ ಎಲ್ಲಿಯೂ ನೆರಳಿಲ್ಲ.

ಏಪ್ರಿಲಿಗೆ ಮೊದಲು ಮಗಳ ಪರೀಕ್ಷೆ ಮುಗಿಯಿತು. ರೂವಿಯ ಒಬ್ಬ ಮಲಯಾಳಿ ಹೆಂಗಸು ನಮ್ಮ ಹದಿನಾಲ್ಕೂ ಕ್ಯಾರಿಯರುಗಳನ್ನು ಕೊಂಡುಕೊಂಡಳು. ಅವಳದೂ ಫ್ಯಾಮಿಲಿ ವೀಸಾವೇ, ಅವಳದೂ ಮನೆಯ ಅಡುಗೆಯೇ. ಆದರೆ ಅವಳು ಯಾವ ಅರ್ಜಿಯಲ್ಲೂ ಏನೂ ಬರೆದವಳಲ್ಲ. ಚುಕ್ಕಿಗಳ ಅರ್ಥ ಹೇಳಿಕೊಡೋಣವೆಂದು ಬಾಯಿ ತೆರೆದೆ, ಮನಸ್ಸಾಗದೆ ಸುಮ್ಮನಾದೆ. ನಾನು ಮಗಳನ್ನು ಕರೆದುಕೊಂಡು ಉಡುಪಿಯಲ್ಲಿ ಬಾಡಿಗೆ ಮನೆ ಹಿಡಿದೆ. ಇವರು ರೂವಿಯ ರೂಮಿನಲ್ಲಿ ಐದನೆಯವರಾದರು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡವರು ಇವರು. ಏಳು ವರ್ಷ ಉಂಡರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಪ್ರತಿ ಸಲವೂ ಸೊಂಟದ ಅಳತೆ ಕಡಿಮೆಯಾಗಿರುತ್ತಿತ್ತು. ಮಧ್ಯಾಹ್ನದ ಊಟ ಆ ಮಲಯಾಳಿ ಹೆಂಗಸಿನ ಮನೆಯಿಂದಲೇ ಬರುತ್ತದೆ ಎಂದು ಕಾಗದದಲ್ಲಿ ಬರೆದಿದ್ದರು. ಹೇಗುಂಟು ಎಂದು ಕೇಳಿದ್ದಕ್ಕೆ, 'ಪರವಾಗಿಲ್ಲ, ಹುಳಿ ಸ್ವಲ್ಪ ಮುಂದೆ' ಎಂದು ಉತ್ತರ. ಅಷ್ಟರ ಮೇಲೆ ನಾನು ಕೇಳಲಿಲ್ಲ. ಮಗಳು ಅಪ್ಪನನ್ನು ಫೋಟೋದಲ್ಲಿಯೂ ಫೋನಿನಲ್ಲಿಯೂ ನೋಡಿ ಕೇಳಿ ಕಾಲೇಜಿನ ಮೆಟ್ಟಿಲು ಹತ್ತಿದಳು.

ಕೊನೆಗೊಮ್ಮೆ ಇವರು ಕೆಲಸ ಬಿಟ್ಟು ಬಂದರು. ಪೆಟ್ಟಿಗೆ ಬಿಚ್ಚುತ್ತಿದ್ದೆ. ಬಟ್ಟೆಗಳ ಮಧ್ಯೆ, ಹಳೆಯ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಕ್ಯಾರಿಯರ್. ಹಿಡಿ ಸಡಿಲವಾಗಿತ್ತು, ತಳ ನೆಗ್ಗಿತ್ತು. ಮುಚ್ಚಳದ ಮೇಲೆ ಮೂರು ಕೆಂಪು ಚುಕ್ಕಿ.

"ಇದು ನನ್ನದಲ್ವಾ?"

"ಹೌದು. ನನ್ನ ಊಟ ಇದರಲ್ಲೇ ಬರ್ತಿತ್ತು. ಬರುವಾಗ ಆ ಹೆಂಗಸಿನ ಹತ್ತಿರ ಕೇಳಿ ತಂದೆ."

ಚುಕ್ಕಿಗಳನ್ನು ಬೆರಳಿನಿಂದ ಒರೆಸಿ ನೋಡಿದೆ. ಹೊಸದರಂತೆ ಹೊಳೆಯುತ್ತಿದ್ದವು.

"ಏಳು ವರ್ಷ ಬಣ್ಣ ಉಳಿಯಿತಾ?"

"ಎಲ್ಲಿ ಉಳೀತದೆ ಮಾರಾಯ್ತಿ" ಎಂದರು ಇವರು, ಪೆಟ್ಟಿಗೆಯ ಬೀಗವನ್ನು ಸರಿಪಡಿಸುತ್ತಾ. "ಹೋದ ಹಾಗೆ ನಾನೇ ಹಚ್ಚುತ್ತಿದ್ದೆ. ಅಂಗಡಿಯಲ್ಲಿ ಶೀಶೆ ಸಿಗ್ತದಲ್ಲ. ರೂಮಿನವರು ಸ್ವಲ್ಪ ದಿನ ತಮಾಷೆ ಮಾಡಿದರು, ಆಮೇಲೆ ಬಿಟ್ಟರು."

ಇವರು ಬೀಗವನ್ನು ಎರಡು ಸಲ ತಿರುಗಿಸಿ ನೋಡಿ ಕೆಳಗಿಟ್ಟರು.

"ಅವಳಿಗೆ ಅರ್ಥ ಗೊತ್ತಿರಲಿಲ್ಲ ಕಾಣ್ತದೆ" ಎಂದರು. "ಮೂರು ಚುಕ್ಕಿ ಇಟ್ಟರೂ ಅನ್ನ ಅಷ್ಟೇ ಬರ್ತಿತ್ತು."