ಕ್ಲೀವ್‌ಲ್ಯಾಂಡಿನ ಬೀಗದಕೈ

ನಾಲ್ಕು ಸಾವಿರದ ಇನ್ನೂರು ದಿನಾರ್. ನಮ್ಮ ಅಡುಗೆಮನೆಯ ಮೊಳೆಯಲ್ಲಿ ತೂಗುವ ಈ ಹಿತ್ತಾಳೆ ಬೀಗದಕೈಗೆ ನಾನು ಕೊಟ್ಟ ಬೆಲೆ. ಅದರ ಜೊತೆಗೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಎರಡು ಅಂತಸ್ತಿನ ಒಂದು ಮರದ ಮನೆಯೂ ಬಂತು. ಯಾಕೆ ಕೊಟ್ಟೆ ಎಂದರೆ, ಮೂವತ್ತು ವರ್ಷದಿಂದ ಕುವೈತಿನಲ್ಲಿ ಬಾಡಿಗೆ ಕಟ್ಟುತ್ತಿದ್ದೇನೆ. ನನ್ನಂಥ ಹೊರದೇಶದವರ ಹೆಸರಿಗೆ ಇಲ್ಲಿ ಮನೆ ಆಗುವುದಿಲ್ಲ. ಮಂಗಳೂರಿನಲ್ಲಿ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಕೇಳುತ್ತೀರಿ. ಆ ದುಡ್ಡಿಗೆ ಅಲ್ಲಿ ಸಿಗುತ್ತಿದ್ದದ್ದು ಕಾರು ನಿಲ್ಲಿಸುವ ಜಾಗ, ಅದೂ ಕಂಬದ ಹಿಂದೆ.

ಇವತ್ತು ಬೆಳಿಗ್ಗೆ ಚಹಾಪುಡಿ ತೆಗೆಯುವಾಗ ಮೊಣಕೈ ತಗುಲಿ ಬೀಗದಕೈ ಕೆಳಗೆ ಬಿತ್ತು. ಸಣ್ಣ ಸದ್ದು. ನನ್ನ ಎದೆ ಮಾತ್ರ ಕಟ್ಟಡವೇ ಕುಸಿದ ಹಾಗೆ ಹೊಡೆದುಕೊಂಡಿತು. ಆ ಹೆದರಿಕೆ ಎಲ್ಲಿಂದ ಶುರುವಾಯಿತೆಂದು ಹೇಳುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ.

ಕುವೈತ್ ಬಿಟ್ಟು ಹೋಗುವವರ ಮನೆಸಾಮಾನು ಕೊಳ್ಳುವುದು ನನ್ನ ಕಸುಬು. ಹೋಟೆಲಿನಲ್ಲಿ ತಟ್ಟೆ ತೊಳೆಯಲು ಬಂದವನಿಗೆ ಈಗ ಸುಲೈಬಿಯಾದಲ್ಲಿ ಗೋದಾಮು ಇದೆ. ಫ್ರಿಜ್ ಕೊಳ್ಳುವ ಮುಂಚೆ ಅದರ ಬೆನ್ನು ಮುಟ್ಟಿ ನೋಡುತ್ತೇನೆ. ಯಾಕೆ ಮಾರುತ್ತೀರಿ ಎಂದು ಗಂಡನನ್ನು ಕೇಳುತ್ತೇನೆ, ಉತ್ತರವನ್ನು ಹೆಂಡತಿಯ ಮುಖದಲ್ಲಿ ಓದುತ್ತೇನೆ. ಮೋಸಹೋದದ್ದು ಕಡಿಮೆ.

ಹೀಗೇ ಒಂದು ದಿನ ಸಾಲ್ಮಿಯಾದಲ್ಲಿ ಗಂಗಾಧರಯ್ಯನವರ ಫ್ಲಾಟಿಗೆ ಹೋಗಿದ್ದೆ. ಮೈಸೂರು ಕಡೆಯ ಇಂಜಿನಿಯರು. ಕಂಪನಿ ಮುಚ್ಚಿ ಊರಿಗೆ ಹೊರಟಿದ್ದರು. ಕೆಲವರು ಜಾತಕ ಓದುವ ಹಾಗೆ ಇವರು ಊರುಗಳ ಏಳುಬೀಳು ಓದುತ್ತಿದ್ದರು. ಊಟದ ಮೇಜಿನ ತುಂಬ ಅಮೆರಿಕದ ನಕ್ಷೆಗಳು.

“ಈ ಫ್ರಿಜ್ ನಲವತ್ತು ದಿನಾರಿಗೆ ಕೊಡಿ ಸರ್,” ಅಂದೆ. “ಬಾಗಿಲಿನ ರಬ್ಬರ್ ಹೋಗಿದೆ ಇದರದ್ದು.”

“ರಬ್ಬರ್ ಚೆನ್ನಾಗೇ ಇದೆ ಕಣ್ರೀ, ನಿಮ್ಮ ಕಣ್ಣೇ ಸರಿ ಇಲ್ಲ. ಬನ್ನಿ, ಕಾಫಿ ಕುಡೀರಿ.”

ಕಾಫಿ ಆರುವವರೆಗೆ ಪಾಠ ನಡೆಯಿತು. “ಡೆಟ್ರಾಯಿಟ್ ಕಾರನ್ನ ನಂಬ್ಕೊಂಡಿತ್ತು. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್ ಉಕ್ಕನ್ನ. ಪಿಟ್ಸ್‌ಬರ್ಗನ್ನ ಆಸ್ಪತ್ರೆ, ಕಾಲೇಜು ಎತ್ತಿ ನಿಲ್ಲಿಸ್ತು. ಕ್ಲೀವ್‌ಲ್ಯಾಂಡಲ್ಲೂ ದೊಡ್ಡ ಆಸ್ಪತ್ರೆ ಇದೆ, ಆದ್ರೆ ಒಂದು ಬೀದಿ ಬದುಕಿದ್ರೆ ಪಕ್ಕದ್ದು ಸತ್ತಿರತ್ತೆ. ಸ್ಯಾನ್ ಫ್ರಾನ್ಸಿಸ್ಕೋ ಉಲ್ಟಾ. ಮನೆ ಬೆಲೆ ಆಕಾಶದಲ್ಲಿ, ಜನ ಫುಟ್‌ಪಾತಲ್ಲಿ.”

“ಹ್ಯೂಸ್ಟನ್?”

“ಅದು ಎಣ್ಣೆ ಊರು. ನೀವು ಕೂತಿರೋದೇ ಎಣ್ಣೆ ಮೇಲೆ. ಬಿದ್ರೆ ಎರಡೂ ಒಟ್ಟಿಗೆ ಬೀಳ್ತವೆ.”

“ಹಾಗಾದ್ರೆ ಕ್ಲೀವ್‌ಲ್ಯಾಂಡೇ ಲಾಯ್ಕ್ ಅಲ್ವಾ ಮಾರಾಯ್ರೆ? ಬೆಲೆ ಕಮ್ಮಿ, ಬಾಡಿಗೆ ಬರ್ತದೆ.”

ಅವರು ಕನ್ನಡಕ ತೆಗೆದರು. “ಬೆಲೆ ನೋಡೋಕೆ ನಿಮಗೆ ಹೇಳ್ಕೊಡಬೇಕಾ? ಆ ಬೀದೀಲಿ ಯಾರು ಉಳ್ಕೊಂಡಿದಾರೆ ನೋಡಿ ಮೊದ್ಲು.”

ನಾನು ನಕ್ಕೆ. ಬಿಟ್ಟುಹೋಗುವವರಿಂದಲೇ ಅನ್ನ ಉಣ್ಣುವವನಿಗೆ ಉಳಿದವರ ಲೆಕ್ಕ ಯಾಕೆ? ಫ್ರಿಜ್ಜನ್ನು ನಲವತ್ತೈದಕ್ಕೆ ಹೊತ್ತುಕೊಂಡು ಬಂದೆ. ಎರಡು ತಿಂಗಳಲ್ಲಿ ಕ್ಲೀವ್‌ಲ್ಯಾಂಡಿನ ಒಬ್ಬ ಏಜೆಂಟನ ಮೂಲಕ ಮನೆ ಕೊಂಡೆ, ಬರೀ ಫೋಟೋ ನೋಡಿಕೊಂಡು. ನನ್ನ ಹೆಂಡತಿ ವಸಂತಿ ಅಂಚೆಯಲ್ಲಿ ಬಂದ ಬೀಗದಕೈಯನ್ನು ಮೊಳೆಗೆ ಹಾಕುತ್ತ ಅಂದಳು: “ಮದುವೆಗೆ ಮುಂಚೆ ನನ್ನನ್ನಾದ್ರೂ ಒಂದು ಸಲ ನೋಡ್ಲಿಕ್ಕೆ ಬಂದಿದ್ರಿ.”

ಎರಡು ವರ್ಷ ಬಾಡಿಗೆ ಬಂತು. ಕಳೆದ ಡಿಸೆಂಬರಿನಲ್ಲಿ ಬಾಡಿಗೆಯವನು ಮನೆ ಬಿಟ್ಟ. ಇಲ್ಲಿ ನಾವು ರಜೆಗೆ ಹೋಗುವಾಗ ಏನು ಮಾಡುತ್ತೇವೆ? ಎಸಿ ಬಂದ್, ಮೇನ್ ಸ್ವಿಚ್ ಕೆಳಗೆ, ಬೀಗ. ಖಾಲಿ ಮನೆಗೆ ಕರೆಂಟು ಸುಡುವುದು ನನ್ನ ಪಾಲಿಗೆ ಪಾಪ. ಅದೇ ಬುದ್ಧಿಯಲ್ಲಿ, ಮನೆ ಬಿಸಿ ಮಾಡುವ ಗ್ಯಾಸ್ ನಿಲ್ಲಿಸು ಎಂದು ಏಜೆಂಟನಿಗೆ ಬರೆದೆ. ಖಂಡಿತವಾಗಿಯೂ ನಿಲ್ಲಿಸಲೇ ಎಂದು ಎರಡು ಸಲ ಕೇಳಿದ. ಗ್ಯಾಸ್ ಬಿಲ್ಲಿನಲ್ಲಿ ಕಮಿಷನ್ ಆಸೆ ಎಂದುಕೊಂಡು ಎರಡು ಸಲವೂ ಹೌದು ಅಂದೆ.

ಜನವರಿಯ ಒಂದು ಮಧ್ಯಾಹ್ನ ಫೋನು ಬಂತು. ಎದುರುಮನೆಯ ಲೊರೇನ್ ಎಂಬ ಹೆಂಗಸು. ಏಜೆಂಟ್ ನನ್ನ ನಂಬರ್ ಕೊಟ್ಟಿದ್ದ. “ನಿಮ್ಮ ಮನೆಗೆ ಗಡ್ಡ ಬಂದಿದೆ,” ಅಂದರು, ತಮ್ಮ ಇಂಗ್ಲಿಷಿನಲ್ಲಿ. ಹಿಂದೆಯೇ ಫೋಟೋ. ಮಹಡಿಯ ಕಿಟಕಿಯಿಂದ ಆಳುದ್ದದ ಮಂಜುಗಡ್ಡೆ ನೇತಾಡುತ್ತಿತ್ತು. ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ, ಕೊಳವೆ ಸೀಳಿ, ಮನೆಯೆಲ್ಲ ನೀರು. ನಾನು ಇಲ್ಲಿ ಕುವೈತಿನ ಫಾಹೀಲಿನಲ್ಲಿ, ನಮ್ಮ ಮನೆಯಲ್ಲಿ, ಸ್ವೆಟರ್ ಹಾಕಿ ಕೂತಿದ್ದೆ. ಅದನ್ನೇ ಚಳಿ ಅಂದುಕೊಂಡಿದ್ದೆ.

“ಯಾರೂ ಇಲ್ಲದ ಮನೆಗೆ ಬಿಸಿ ಯಾಕೆಂದು ನಿಲ್ಲಿಸಿದೆ,” ಅಂದೆ.

“ಬಿಸಿ ನಿಮಗಲ್ಲ ಸ್ವಾಮಿ, ಕೊಳವೆಗೆ.” ಲೊರೇನ್ ಮುಂದುವರಿಸಿದರು: “ನಾನು ಬಂದಾಗ ಈ ಬೀದಿಯಲ್ಲಿ ಹನ್ನೊಂದು ಮನೆ ಇದ್ದವು. ಈಗ ನಾಲ್ಕು. ಹೋದ ಮನೆಗಳಿಗೆಲ್ಲ ಮೊದಲು ನೀರು ನುಗ್ಗಿತು. ಆಮೇಲೆ ಕೊಳವೆ, ತಂತಿಯ ತಾಮ್ರ ಕೀಳುವ ಕಳ್ಳರು, ಆಮೇಲೆ ಬೆಂಕಿ, ಆಮೇಲೆ ನಗರಸಭೆಯ ಕೆಡವುವ ಯಂತ್ರ. ನಿಮ್ಮದೂ ಹೋದರೆ ನನ್ನ ಕಿಟಕಿಗೆ ಕಾಣುವುದು ಹುಲ್ಲು ಮಾತ್ರ.”

ವಾರದೊಳಗೆ ನಗರಸಭೆಯ ನೋಟೀಸು ಬಂತು. ಗಡುವಿನೊಳಗೆ ರಿಪೇರಿ ಮಾಡಿ, ಇಲ್ಲವಾದರೆ ಕೆಡವುತ್ತೇವೆ. ಕೆಡವಿದ ಖರ್ಚೂ ನಿಮ್ಮದೇ.

ಆ ದಿನವೇ ನಮ್ಮ ಕಟ್ಟಡದ ಕಾವಲುಗಾರ ಮೆಟ್ಟಿಲ ಬಳಿ ನಿಲ್ಲಿಸಿ ಖುಷಿಯಿಂದ ಹೇಳಿದ: “ಭಾಯಿ, ತೀಸ್ರಾ ಮಾಲಾ ಪೂರಾ ಖಲಾಸ್.” ಮೂರನೆಯ ಮಹಡಿ ಪೂರ್ತಿ ಖಾಲಿಯಾಗುತ್ತಿದೆ, ಅಂದರೆ ನನಗೆ ಮೂರು ಮನೆಯ ಸಾಮಾನು. ಮೊದಲಾಗಿದ್ದರೆ ಅವನ ಕೈಗೆ ಚಹಾದ ಕಾಸು ಇಟ್ಟು ಮೇಲಕ್ಕೆ ಓಡುತ್ತಿದ್ದೆ. ಅವತ್ತು ಮೆಟ್ಟಿಲಲ್ಲೇ ಕೂತೆ. ಲೊರೇನರ ಬೀದಿಗೆ ತಾಮ್ರ ಕೀಳಲು ಬರುವವನೂ ನನ್ನ ಹಾಗೆ ಮೊದಲು ಬೆನ್ನು ಮುಟ್ಟಿ ನೋಡುತ್ತಾನೆಯೇ? ಈ ಕಟ್ಟಡದಲ್ಲಿ ಕೊನೆಗೆ ಉಳಿಯುವುದು ನಾವೇ ಆದರೆ, ನಮ್ಮ ಫ್ರಿಜ್ಜಿಗೆ ಬೆಲೆ ಕಟ್ಟಲು ಯಾರು ಬರುತ್ತಾರೆ?

ಕ್ಲೀವ್‌ಲ್ಯಾಂಡಿನ ಪ್ಲಂಬರ್ ಹೇಳಿದ ರೇಟಿಗೆ ಚೌಕಾಸಿ ಮಾಡದೆ ಒಪ್ಪಿದೆ. ವಸಂತಿ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ಎಂದು ನೋಡಿದಳು. ಏಜೆಂಟನ ಹತ್ತಿರವಿದ್ದ ಇನ್ನೊಂದು ಬೀಗದಕೈಯನ್ನು ಲೊರೇನರಿಗೆ ಕೊಡಿಸಿದೆ. ಕೆಲಸ ನಡೆದ ಅಷ್ಟೂ ದಿನ ಬಾಗಿಲು ತೆರೆದವರು, ಮುಚ್ಚಿದವರು ಅವರೇ. ಬರುವ ಮಂಗಳವಾರ ನಗರಸಭೆಯವರು ನೋಡಲು ಬರುತ್ತಾರೆ. ಪಾಸಾಗುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಬಿದ್ದ ಬೀಗದಕೈಯನ್ನು ಒರೆಸಿ ಮತ್ತೆ ಮೊಳೆಗೆ ಹಾಕಿದ್ದೇನೆ.

ನೀವು ಕೊಳ್ಳುವುದಾದರೆ ನನ್ನ ಮಾತು ಕೇಳಿ. ಚಳಿಯ ಊರಿನಲ್ಲಿ ಖಾಲಿ ಮನೆಯ ಬಿಸಿ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಮೊದಲು ನೀರು ಬಂದ್ ಮಾಡಿಸಿ ಕೊಳವೆ ಬರಿದು ಮಾಡಿಸಿ. ಏಜೆಂಟ್ ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಯಾಕೆಂದು ಕೇಳಿ. ಬೆಲೆ ಮಾತಾಡುವ ಮುಂಚೆ ಎದುರುಮನೆಗೆ ಫೋನು ಮಾಡಿ, ಸಂಜೆ ಆ ಬೀದಿಯಲ್ಲಿ ಎಷ್ಟು ಕಿಟಕಿಗಳಲ್ಲಿ ದೀಪ ಕಾಣುತ್ತದೆಂದು ವಿಚಾರಿಸಿ. ಫೋನು ಎತ್ತುವವರೇ ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎತ್ತಿದರೆ, ಒಂದು ಬೀಗದಕೈ ಅವರಲ್ಲೇ ಇರಲಿ. ನಿಮ್ಮ ಮೊಳೆಯಲ್ಲಿ ತೂಗುವುದು ಬರೀ ಹಿತ್ತಾಳೆ.